‘ಸಿಕ್ತು’ ಅನ್ನುವವರೆಗೆ

ಬಂದೂಕನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುವುದಕ್ಕೆ ಆರ್ವಿಡ್ ಲಾಹ್ಟಿ ಕಲಿಸುತ್ತಿದ್ದದ್ದು ಒಂದೇ ಕ್ರಮ. ಕೊಡುವವನು ಮೊದಲು ಬೋಲ್ಟನ್ನು ಹಿಂದಕ್ಕೆಳೆದು, ತೋಟಾ ಕೂರುವ ಗೂಡನ್ನು ತೆರೆದು ತೋರಿಸಬೇಕು. ತೆಗೆದುಕೊಳ್ಳುವವನು ಬಗ್ಗಿ ನೋಡಬೇಕು. ನೋಡಿದ್ದು ಸಾಲದು, ಕಿರುಬೆರಳು ತೂರಿಸಿ ಮುಟ್ಟಬೇಕು. ಆಮೇಲೆ ಗಟ್ಟಿಯಾಗಿ ಹಿಡಿದು, ಬಾಯಿಬಿಟ್ಟು, ‘ಸಿಕ್ತು’ ಅನ್ನಬೇಕು. ಆ ಮಾತು ಕಿವಿಗೆ ಬೀಳುವವರೆಗೂ ಕೊಟ್ಟವನ ಮುಷ್ಟಿ ಸಡಿಲಾಗುವ ಹಾಗಿಲ್ಲ.

“ಕೊಡೋನು ಪಾದ್ರಿನೇ ಆಗಿರ್ಲಿ, ಖಾಲಿ ಇದೆ ಅಂತ ಬೈಬಲ್ ಮುಟ್ಟಿ ಹೇಳ್ಲಿ, ನಂಬಬೇಡಿ,” ಅನ್ನುತ್ತಿದ್ದ ಮಕ್ಕಳಿಗೆ. “ನಿಮ್ಮ ಕಿರುಬೆರಳನ್ನ ನಂಬಿ. ಅದಕ್ಕೆ ಯಾರ ಮುಲಾಜೂ ಇಲ್ಲ.”

ಮಾರ್ಲಿಸ್ ಪೆಲ್ಟೊ ಇದನ್ನು ಅವನಿಂದಲೇ ಕಲಿತವಳು, ಎರಡು ಜಡೆ ಹಾಕಿಕೊಳ್ಳುವ ವಯಸ್ಸಿನಲ್ಲಿ. ಈಗ ಅವಳಿಗೆ ಐವತ್ತು ದಾಟಿದೆ, ಊರಿನ ಶಾಲೆಯ ಬಸ್ಸು ಓಡಿಸುತ್ತಾಳೆ. ಮಿಶಿಗನ್ನಿನ ಈ ಮೇಲುತುದಿಯಲ್ಲಿ ಮಕ್ಕಳು ಬೇಟೆಗೆ ಇಳಿಯುವ ಮೊದಲು ಬೇಟೆಗಾರರ ಕ್ಲಬ್ಬಿನ ಬಂದೂಕು ಪಾಠ ಮುಗಿಸಬೇಕು, ಪಾಠ ಹೇಳುವವರಿಗೆ ಸಂಬಳ ಗಿಂಬಳ ಏನೂ ಇಲ್ಲ, ಒಂದು ಟೋಪಿ, ಒಂದು ಬಿಲ್ಲೆ, ಅಷ್ಟೇ. ಆದರೂ ಪ್ರತಿ ಸೆಪ್ಟೆಂಬರಿನಲ್ಲಿ ಆ ಕಿತ್ತಳೆ ಟೋಪಿ ಹಾಕಿಕೊಂಡು ಆರ್ವಿಡ್‌ನ ಪಕ್ಕ ನಿಂತಾಗ ಮಾರ್ಲಿಸ್‌ಗೆ ಆಗುತ್ತಿದ್ದ ಹೆಮ್ಮೆ ಬೇರೆ ಯಾವುದರಲ್ಲೂ ಆಗುತ್ತಿರಲಿಲ್ಲ.

ಇಬ್ಬರೂ ಹಿಂದೆಂದೋ ಕಡಲು ದಾಟಿ ಬಂದ ಫಿನ್ನರ ಮನೆತನದವರು. ಆ ಜನ ಮಾತಿನಲ್ಲಿ ಬಲು ಬಿಗಿ. ಊರಿನ ಸಂಸಾರವೆಲ್ಲ ಗಲ್ಲದ ಮೇಲೆ ನಡೆಯುತ್ತದೆ. ಎದುರಿಗೆ ಬಂದವರಿಗೆ ಗಲ್ಲ ಚೂರು ಮೇಲೆತ್ತಿದರೆ ನಮಸ್ಕಾರ, ಅಂಗಡಿಯಲ್ಲಿ ಗಲ್ಲ ಎತ್ತಿದರೆ ‘ಹೋದ ಸಲದ್ದೇ ಕೊಡು’, ಗಂಡ ಹೆಂಡತಿಗೆ ಗಲ್ಲ ಎತ್ತಿದರೆ ಅದು ಪ್ರೀತಿಯೂ ಆಗಬಹುದು, ಕಾಫಿ ಬೇಕು ಅಂತಲೂ ಆಗಬಹುದು. ಅದರಿಂದ ಯಾರಿಗೂ ಏನೂ ತೊಂದರೆಯಾಗಿರಲಿಲ್ಲ, ಆ ಶನಿವಾರದವರೆಗೆ.

ಅವತ್ತು ಪಾಠದ ಕೊನೆಯ ದಿನ, ಬಯಲಿನ ದಿನ. ಮಕ್ಕಳನ್ನು ಗುಂಪು ಗುಂಪು ಮಾಡಿ ಒಬ್ಬೊಬ್ಬರ ಕೈಗೆ ಕೊಟ್ಟಿದ್ದರು. ಮಾರ್ಲಿಸ್‌ಳ ಗುಂಪು ತಂತಿಬೇಲಿಯ ಹತ್ತಿರ, ಬಂದೂಕು ಹಿಡಿದವನು ಬೇಲಿ ದಾಟುವುದು ಹೇಗೆ ಅಂತ ಕಲಿಯುತ್ತಿತ್ತು. ಆರ್ವಿಡ್‌ನ ಗುಂಪು ಪಕ್ಕದ ಮೇಜಿನಲ್ಲಿ ಹಿತ್ತಾಳೆಯ ಹುಸಿ ತೋಟಾ ಇಟ್ಟುಕೊಂಡು ‘ಸಿಕ್ತು, ಸಿಕ್ತು’ ಅನ್ನುತ್ತಿತ್ತು. ಹಿಂದುಗಡೆ ಮೇಪಲ್ ಮರಗಳ ಸಾಲಿನಲ್ಲಿ ಒಂದು ಮರಕ್ಕೆ ಏಣಿ ಒರಗಿಸಿ ಬೇಟೆಯ ಅಟ್ಟಣೆ ಕಟ್ಟಿದ್ದರು. ಸೊಂಟಕ್ಕೆ ಪಟ್ಟಿ ಬಿಗಿದು ಅದನ್ನು ಹತ್ತಿ ಇಳಿಯುವ ಪಾಠ ಊಟದ ಮೇಲೆ.

ಊಟ ಅಂದರೆ ಮಾರ್ಲಿಸ್‌ಳ ಪ್ಯಾಸ್ಟಿ. ಮಾಂಸ, ಆಲೂಗಡ್ಡೆ, ಈರುಳ್ಳಿ ತುಂಬಿ, ದೊಡ್ಡ ಕರ್ಜಿಕಾಯಿಯ ಹಾಗೆ ಮಡಿಚಿ ಅಂಚು ಹೆಣೆದು ಒಲೆಯಲ್ಲಿ ಬೇಯಿಸಿದ್ದು. ಅವಳ ಪ್ಯಾಸ್ಟಿಯ ಅಂಚು ನೋಡಿಯೇ ಜನ ಇದು ಮಾರ್ಲಿಸ್‌ಳದು ಅನ್ನುತ್ತಿದ್ದರು. ಅವು ಕ್ಲಬ್ಬಿನ ಮನೆಯ ಒಲೆಯಲ್ಲಿ ಬಿಸಿಯಾಗುತ್ತಿದ್ದವು. ಗಾಳಿಯಲ್ಲಿ ವಾಸನೆ ಬಂತು, ಅಂಚು ಕಪ್ಪಾದರೆ ಅಂತ ಅವಳ ಜೀವ ಹೊಡೆದುಕೊಂಡಿತು.

ಅವಳು ಆರ್ವಿಡ್‌ನ ಕಡೆ ತಿರುಗಿದಳು. ಅವನು ಒಬ್ಬ ಹುಡುಗನ ಬೆರಳನ್ನು ಟ್ರಿಗರಿನಿಂದ ಬಿಡಿಸುತ್ತಿದ್ದವನು ತಲೆ ಎತ್ತಿದ. ಅವಳು ಗಲ್ಲ ಎತ್ತಿದಳು. ಅವನೂ ಗಲ್ಲ ಎತ್ತಿದ. ಅವಳು ಹೋದಳು.

ಒಲೆ ಆರಿಸಿದ ತಕ್ಷಣ ವಾಪಸು ಬರಬಹುದಿತ್ತು. ಆದರೆ ಅಲ್ಲಿ ಗಾರ್ತ್ ಇದ್ದ, ಪಾಠದ ಮುಖ್ಯಸ್ಥ, ಒಂದು ಪ್ಯಾಸ್ಟಿಯ ತುದಿ ಮುರಿದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ನಿಂತಿದ್ದ.

“ಮಾರ್ಲಿಸ್, ನಿನ್ನ ಗಂಡ ಸತ್ರೆ ನಂಗೆ ಮೊದ್ಲು ಹೇಳು.”

“ನಿನ್ನ ಹೆಂಡ್ತಿಗೂ ಹೇಳ್ಲಾ?”

“ಅವಳೇ ನನ್ನ ಬಟ್ಟೆ ಕಟ್ಟಿ ಕಳಿಸ್ತಾಳೆ. ಎಲ್ಲಿ, ಆ ಗ್ರೇವಿ ಕೊಡು.”

“ಗ್ರೇವಿ ಅಂತೆ. ಪ್ಯಾಸ್ಟಿಗೆ ಗ್ರೇವಿ ಹಾಕೋನು ಹೆಂಡ್ತಿಗೂ ಮೋಸ ಮಾಡ್ತಾನೆ ಅಂತ ನಮ್ಮಮ್ಮ ಹೇಳ್ತಿದ್ಲು. ಕೆಚಪ್ಪು ತಗೋ.”

ಕೆಚಪ್ಪೋ ಗ್ರೇವಿಯೋ ಅನ್ನುವುದು ಆ ಊರಿನಲ್ಲಿ ಮುಗಿಯದ ಜಗಳ, ಶುರುವಾದರೆ ನಾಲ್ಕು ಜನ ಸೇರುತ್ತಾರೆ, ಸೇರಿದರು, ನಕ್ಕರು. ಮಾರ್ಲಿಸ್ ಸೊಂಟದ ಮೇಲೆ ಕೈಯಿಟ್ಟುಕೊಂಡು ಎಲ್ಲರಿಗೂ ಉತ್ತರ ಕೊಟ್ಟಳು. ಅವಳಿಗೆ ಖುಷಿಯಾಗಿತ್ತು. ಆ ಖುಷಿಯೇ ಆಮೇಲೆ ಅವಳನ್ನು ಚುಚ್ಚುತ್ತಾ ಉಳಿಯಿತು.

ಶಬ್ದ ದೊಡ್ಡದೇನೂ ಅಲ್ಲ. ಲಾರಿಯಿಂದ ಹಿಟ್ಟಿನ ಮೂಟೆ ಬಿದ್ದ ಹಾಗೆ. ಆಮೇಲೆ ಮಕ್ಕಳ ಗಲಾಟೆ ಪೂರ್ತಿ ನಿಂತುಹೋಯಿತು. ಶಬ್ದಕ್ಕಿಂತ ಆ ನಿಂತದ್ದನ್ನು ಕೇಳಿಯೇ ಅವಳು ಓಡಿದ್ದು.

ಹ್ಯಾಟಿ ಏಣಿಯ ಬುಡದಲ್ಲಿ ಬಿದ್ದಿದ್ದಳು. ಹತ್ತು ವರ್ಷದ ಹುಡುಗಿ, ಮಾರ್ಲಿಸ್‌ಳ ಗುಂಪಿನವಳು. ಸೊಂಟಕ್ಕೆ ಪಟ್ಟಿಯಿಲ್ಲ. ಮೊಣಕೈ ತಿರುಗಬಾರದ ಕಡೆಗೆ ತಿರುಗಿತ್ತು. ಅವಳು ಅಳುತ್ತಲೂ ಇರಲಿಲ್ಲ, ತನ್ನ ಕೈಯನ್ನು ಯಾರದೋ ಕೈ ಎಂಬಂತೆ ನೋಡುತ್ತಿದ್ದಳು. ಆರ್ವಿಡ್ ಆಗಲೇ ಮಂಡಿಯೂರಿ ತನ್ನ ಕೋಟು ಬಿಚ್ಚಿ ಹೊದಿಸುತ್ತಿದ್ದ.

“ಇವಳ ಮೇಲೆ ಕಣ್ಣಿಟ್ಟಿದ್ದೋರು ಯಾರು?” ಗಾರ್ತ್ ಕೇಳಿದ. ಬೈಯುವ ದನಿಯಲ್ಲಲ್ಲ, ಹೆದರಿದ ದನಿಯಲ್ಲಿ.

ಮಾರ್ಲಿಸ್‌ಳ ಬಾಯಿ ಅವಳನ್ನು ಕೇಳದೆಯೇ ತೆರೆಯಿತು. “ನಾನು ಆರ್ವಿಡ್‌ಗೆ ಹೇಳಿ ಹೋಗಿದ್ದೆ. ನೋಡ್ಕೊಳ್ಳಿ ಅಂತ ಹೇಳಿದ್ನಲ್ಲ.”

ಆರ್ವಿಡ್ ಬಾಗಿದ್ದಲ್ಲಿಂದಲೇ ಅವಳ ಮುಖ ನೋಡಿದ. ಸಿಟ್ಟು ಮಾಡಿಕೊಂಡಿದ್ದರೆ, ಸುಳ್ಳು ಅಂದಿದ್ದರೆ, ಅಲ್ಲೇ ಮುಗಿದುಹೋಗುತ್ತಿತ್ತು. ಅವನು ಏನನ್ನೋ ಹುಡುಕುವವನ ಹಾಗೆ ಹುಬ್ಬು ಗಂಟಿಕ್ಕಿದ.

“ಹೇಳಿರ್ಬೇಕು,” ಅಂದ. “ನಂಗೆ ನೆನಪಾಗ್ತಿಲ್ಲ. ಮಾರ್ಲಿಸ್ ಹೇಳಿದೆ ಅಂದ್ರೆ ಹೇಳಿರ್ತಾಳೆ.”

ಹ್ಯಾಟಿಯ ಮೂಳೆಗೆ ಆಸ್ಪತ್ರೆಯಲ್ಲಿ ಮೊಳೆ ಹೊಡೆದು ಗಟ್ಟಿ ಪ್ಲಾಸ್ಟರ್ ಪಟ್ಟಿ ಹಾಕಿದರು. ಕೂಡಿಕೊಳ್ಳುತ್ತದೆ, ಅಂದರು. ಊರಿನವರು ಸಮಾಧಾನದ ಉಸಿರು ಬಿಟ್ಟು, ಆ ಉಸಿರಲ್ಲೇ ಇನ್ನೊಂದು ಮಾತು ಶುರುಮಾಡಿದರು. ಪಾಪ, ಆರ್ವಿಡ್. ವಯಸ್ಸಾಯ್ತು. ಹೋದ ಚಳಿಗಾಲದಲ್ಲಿ ಅಂಚೆ ಕಚೇರಿಯಲ್ಲಿ ಟೋಪಿ ಬಿಟ್ಟುಹೋಗಿದ್ದನಂತೆ. ನನ್ನನ್ನು ನನ್ನ ತಮ್ಮನ ಹೆಸರಲ್ಲಿ ಕರೆದ. ಟೋಪಿ ಬಿಡದವರು ಯಾರು, ಹೆಸರು ತಪ್ಪದವರು ಯಾರು, ಆದರೆ ಈಗ ಎಲ್ಲವೂ ಒಂದೇ ದಾರದಲ್ಲಿ ಪೋಣಿಸಿಕೊಂಡವು, ಮತ್ತು ಆ ದಾರ ಮಾರ್ಲಿಸ್‌ಳ ಒಂದು ವಾಕ್ಯ.

ಅವಳು ಸರಿಪಡಿಸುತ್ತೇನೆ ಅಂದುಕೊಂಡಳು. ಮಗು ಮನೆಗೆ ಬರಲಿ, ಆಮೇಲೆ. ಮಗು ಮನೆಗೆ ಬಂತು. ಶಾಲೆಗೆ ಬರಲಿ, ಆಮೇಲೆ.

ಶಾಲೆಗೆ ಬಂದದ್ದು ಮಾರ್ಲಿಸ್‌ಳ ಬಸ್ಸಿನಲ್ಲೇ. ಕೈ ಕೊರಳಿಗೆ ನೇತುಹಾಕಿಕೊಂಡ ಹ್ಯಾಟಿಯನ್ನು ತಾಯಿ ಡಾನೀಲ್ ಬೆಳಿಗ್ಗೆ ಬೆಳಿಗ್ಗೆ ರಸ್ತೆಯ ತುದಿಗೆ ಬಂದು ಹತ್ತಿಸುತ್ತಿದ್ದಳು.

“ಮುಂದಿನ ಸೀಟಲ್ಲೇ ಕೂರಿಸ್ಕೊಳ್ತೀರಾ, ಮಾರ್ಲಿಸ್? ನಿಮ್ಮ ಕಣ್ಣೆದುರು ಇದ್ರೆ ನಂಗೆ ಧೈರ್ಯ.”

ನಿಮ್ಮ ಕಣ್ಣೆದುರು. ಮಾರ್ಲಿಸ್ ಗಲ್ಲ ಎತ್ತಿದಳು, ಎತ್ತಿದ್ದಕ್ಕೆ ತನ್ನ ಮೇಲೇ ಅಸಹ್ಯಪಟ್ಟಳು. ಆಮೇಲಿನ ದಿನಗಳಲ್ಲಿ ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡಬೇಕೆಂದರೆ ಮೊದಲು ಆ ಬಿಳಿ ಪಟ್ಟಿಯನ್ನು ದಾಟಿ ನೋಡಬೇಕಿತ್ತು. ಪಟ್ಟಿಯ ತುಂಬ ಮಕ್ಕಳು ಹೆಸರು ಬರೆದಿದ್ದರು, ಯಾರೋ ಒಂದು ಜಿಂಕೆಯ ಚಿತ್ರ ಬರೆದು ಅದಕ್ಕೆ ಕನ್ನಡಕ ಹಾಕಿದ್ದರು.

“ಮಿಸೆಸ್ ಪೆಲ್ಟೊ, ನೀವೂ ಬರೀರಿ.”

“ಬಸ್ಸು ಓಡಿಸ್ತಿದೀನಿ ಮರಿ.”

“ನಿಂತಾಗ?”

“ನೋಡೋಣ.”

ಹುಡುಗಿ ಮುಂದಕ್ಕೆ ಬಾಗಿ ಗುಟ್ಟಿನ ದನಿಯಲ್ಲಿ ಕೇಳಿದಳು. “ಮಿಸ್ಟರ್ ಲಾಹ್ಟಿಗೆ ಮರೆವಿನ ಕಾಯಿಲೆ ಅಂತೆ, ನಿಜಾನಾ?”

“ಯಾರು ಹೇಳಿದ್ದು?”

“ಎಲ್ಲಾರೂ. ನಾನೇ ಹತ್ತಿದ್ದು ಅಂತ ಅಮ್ಮಂಗೆ ಹೇಳ್ದೆ. ಮೇಲಿಂದ ಸರೋವರ ಕಾಣ್ಸುತ್ತಾ ಅಂತ ನೋಡೋಕೆ. ಯಾರೂ ಬೇಡ ಅನ್ನಲಿಲ್ಲ, ಅದಕ್ಕೆ ಹತ್ತಬಹುದು ಅನ್ಕೊಂಡೆ. ನನ್ನಿಂದ ಅವರಿಗೆ ಕಾಯಿಲೆ ಬಂತಾ?”

ಮಾರ್ಲಿಸ್ ದಾರಿ ನೋಡುತ್ತಾ, “ಇಲ್ಲ,” ಅಂದಳು. ಇನ್ನೂ ಏನಾದರೂ ಹೇಳಬೇಕಿತ್ತು. ಬಸ್ಸಿನಲ್ಲಿ ಇಪ್ಪತ್ತು ಮಕ್ಕಳಿದ್ದರು, ಅದು ನೆಪ ಅಂತ ಅವಳಿಗೂ ಗೊತ್ತಿತ್ತು. ಹತ್ತು ವರ್ಷದ ಮಗು ತನ್ನ ತಪ್ಪನ್ನು ತಾಯಿಯ ಎದುರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿತ್ತು.

ಅಷ್ಟರಲ್ಲಿ ಆರ್ವಿಡ್‌ನ ಮಗಳು ಗ್ರೆಚೆನ್ ಅವನನ್ನು ದೊಡ್ಡ ಊರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬಂದಳು. ಅವರು ಗಡಿಯಾರದ ಚಿತ್ರ ಬರೆಸಿದರು, ಲೆಕ್ಕ ಕೇಳಿದರು, ವಯಸ್ಸಿಗೆ ತಕ್ಕ ಹಾಗಿದ್ದಾರೆ, ಗಮನವಿರಲಿ ಅಂದರು. ಅದು ಯಾರಿಗೂ ಸಾಲಲಿಲ್ಲ, ಆರ್ವಿಡ್‌ಗಂತೂ ಸಾಲಲೇ ಇಲ್ಲ. ಅವನು ಕಾರಿನ ಬೀಗದಕೈಯನ್ನು ತಾನೇ ಮಗಳ ಕೈಯಲ್ಲಿಟ್ಟ. ಜಿಂಕೆ ಬೇಟೆ ಶುರುವಾಗುವುದಕ್ಕೆ ಎರಡು ವಾರ ಉಳಿದಿರುವಾಗ ಇನ್ನೊಂದು ಸುದ್ದಿ ಬಂತು. ಈ ಸಲ ಆರ್ವಿಡ್ ಕಾಡಿನ ಬಿಡಾರಕ್ಕೆ ಹೋಗುವುದಿಲ್ಲವಂತೆ. ಹುಡುಗನಾಗಿದ್ದಾಗಿನಿಂದ ಒಂದು ವರ್ಷವೂ ತಪ್ಪಿಸದವನು, ಹೆಂಡತಿ ಸತ್ತ ವರ್ಷವೂ ಹೋಗಿ ಸುಮ್ಮನೆ ಕೂತು ಬಂದವನು.

ಮರುದಿನವೇ ಅವನ ಫೋನು. “ಏ ಹುಡುಗಿ, ಶನಿವಾರ ಬಾ. ಒಂದು ಸಾಮಾನು ಕೊಡೋದಿದೆ.”

ಶನಿವಾರ ಮಧ್ಯಾಹ್ನ ಅವಳು ಹೋದಾಗ ಅವನ ಹಿತ್ತಿಲಿನ ಸೌನಾದ ಹೊಗೆಗೂಡಿನಿಂದ ಹೊಗೆ ಏಳುತ್ತಿತ್ತು. ಅವನು ಆ ಬಿಸಿಹಬೆಯ ಸ್ನಾನದ ಮನೆಯ ಮೆಟ್ಟಿಲ ಮೇಲೆ ಕೂತು ಬರ್ಚ್ ಸೌದೆಯ ಸಿಬಿರು ಬಿಡಿಸುತ್ತಿದ್ದ. ಪಕ್ಕದಲ್ಲಿ ಕಾಫಿ, ಏಲಕ್ಕಿ ಹಾಕಿದ ಬ್ರೆಡ್ಡು, ಒಂದು ತಗಡಿನ ಡಬ್ಬಿ. ಆ ಡಬ್ಬಿ ಅವಳಿಗೆ ಗೊತ್ತು. ಅವನೇ ಕೂತು ಉಜ್ಜಿ ಮಾಡಿದ ಹುಸಿ ತೋಟಾಗಳು, ಊರಿನ ಅರ್ಧ ಜನರ ಕೈ ಸವರಿ ಹೊಳಪು ಬಂದವು.

“ಇನ್ನು ಇವು ನಿಂದು,” ಅಂದ.

“ಆರ್ವಿಡ್, ಬಿಡಾರಕ್ಕೆ ಯಾಕೆ ಹೋಗಲ್ಲ?”

“ಕಾಡಲ್ಲಿ ನಾನೊಬ್ನೇ ಇರ್ತೀನಾ? ಇನ್ನೂ ಜನ ಇರ್ತಾರೆ. ಯಾರು ಯಾವ ಕಡೆ ಹೋಗಿದಾರೆ ಅಂತ ನೆನಪಿಲ್ದೋನು ಬಂದೂಕು ಹಿಡೀಬಾರ್ದು. ನಾನೇ ನಿಮಗೆಲ್ಲ ಕಲಿಸಿದ್ದು. ಅದೊಂದು ಮರೆತಿಲ್ಲ ನೋಡು, ಆಶ್ಚರ್ಯ.”

ಅವಳು ನಗಲಿಲ್ಲ. ಅವನೇ ಚೂರು ನಕ್ಕು, ಚಾಕು ಕೆಳಗಿಟ್ಟ.

“ಒಂದು ಉಪಕಾರ ಮಾಡು. ಅವತ್ತು ನೀನು ಏನಂದೆ? ಯಾವ ಮಾತು ಅಂದೆ, ಹಾಗೇ ಹೇಳು. ರಾತ್ರಿಯೆಲ್ಲ ಅದನ್ನೇ ಹುಡುಕ್ತೀನಿ. ನೀನು ಬೇಲಿ ಹತ್ರ ನಿಂತಿದ್ದು ಕಾಣ್ಸುತ್ತೆ, ನಿನ್ನ ಟೋಪಿ ಕಾಣ್ಸುತ್ತೆ, ಆ ಹುಡುಗನ ಬೆರಳಲ್ಲಿದ್ದ ನರಹುಲಿ ಸಮೇತ ಕಾಣ್ಸುತ್ತೆ. ನಿನ್ನ ದನಿ ಮಾತ್ರ ಸಿಗಲ್ಲ. ಮಾತು ಗೊತ್ತಾದ್ರೆ ಅದರ ಬಾಲ ಹಿಡ್ಕೊಂಡು ಉಳಿದದ್ದೂ ಬರಬಹುದು.”

ಅವಳ ಹತ್ತಿರ ಕೊಡುವುದಕ್ಕೆ ಮಾತಿರಲಿಲ್ಲ. ಇಲ್ಲದ ಮಾತನ್ನು ಈ ಮನುಷ್ಯ ಇಷ್ಟು ದಿನ ತನ್ನ ತಲೆಯ ಮೂಲೆಮೂಲೆಯಲ್ಲಿ ತಡಕಾಡಿದ್ದ. ಈಗ ಅವಳು ಒಂದು ಮಾತು ಕಟ್ಟಿ ಕೊಟ್ಟರೆ ಅದನ್ನೂ ನಂಬುತ್ತಾನೆ, ಹೌದು ಹೌದು, ಈಗ ನೆನಪಾಯ್ತು ಅಂತಲೂ ಅಂದಾನು. ಆ ಯೋಚನೆ ಬಂದಾಗ ಅವಳಿಗೆ ತನ್ನನ್ನು ಕಂಡು ನಿಜವಾಗಿಯೂ ಭಯವಾಯಿತು.

“ನಾನೇನೂ ಅನ್ನಲಿಲ್ಲ.”

“ಹಾಂ?”

“ಏನೂ ಅನ್ನಲಿಲ್ಲ, ಆರ್ವಿಡ್. ಗಲ್ಲ ಎತ್ತಿದೆ, ಅಷ್ಟೇ. ಮಕ್ಕಳನ್ನ ನೋಡ್ಕೊಳ್ಳಿ ಅಂತ ನನ್ನ ಮನಸ್ಸಲ್ಲಿತ್ತು. ಬಾಯಿಗೆ ಬರಲಿಲ್ಲ. ಆಮೇಲೆ ಗಾರ್ತ್ ಕೇಳ್ದಾಗ ಹೆದರಿ ಹೇಳಿದೆ ಅಂದ್ಬಿಟ್ಟೆ. ನೀವು ಏನನ್ನೂ ಮರೆತಿಲ್ಲ.”

ಅವನು ಎದ್ದ. ಸೌನಾದ ಬಾಗಿಲು ತೆರೆದು, ಒಲೆಗೆ ಒಂದು ಸೌದೆ ಹಾಕಿದ, ಇನ್ನೊಂದು ಹಾಕಿದ, ಬೇಡವಿದ್ದರೂ ಮತ್ತೊಂದು ಹಾಕಿದ. ಹೊರಗೆ ಬಂದು ನಿಂತಾಗ ಅವನ ಕುತ್ತಿಗೆ ಕೆಂಪಾಗಿತ್ತು, ಬೆಂಕಿಯಿಂದಲೋ ಏನೋ.

“ಬೆಳಿಗ್ಗೆ ಎದ್ದ ತಕ್ಷಣ ಐಲಿ ಹೆಸರು ಹೇಳ್ಕೊಂಡು ನೋಡ್ತಿದ್ದೆ,” ಅಂದ. ಐಲಿ ಅವನ ತೀರಿಕೊಂಡ ಹೆಂಡತಿ. “ಅದೂ ಹೋಗಿದ್ಯೇನೋ ಅಂತ. ಐಲಿ, ಐಲಿ ಅಂತ ಹಾಸಿಗೆ ಮೇಲೆ ಕೂತ್ಕೊಂಡು, ಹುಚ್ಚನ ಥರ. ಗ್ರೆಚೆನ್ ಬಾಗಿಲಲ್ಲಿ ನಿಂತು ಕೇಳಿಸ್ಕೊಂಡು ಅತ್ಲು.”

ಕ್ಷಮಿಸಿ ಅನ್ನುವ ಅಷ್ಟು ಸಣ್ಣ ಮಾತನ್ನು ಅಷ್ಟು ದೊಡ್ಡ ಗಾಯದ ಮುಂದೆ ಇಡುವುದು ಹೇಗೆ.

“ನನ್ನ ಹತ್ರಾನೂ ಒಂದಿದೆ,” ಅಂದ ಆರ್ವಿಡ್, ಮತ್ತೆ ಕೂತು. “ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಹುಡುಗಿ ಏಣಿ ಕಡೆ ಹೋಗೋದನ್ನ ನಾನು ನೋಡ್ದೆ.”

“ನೋಡಿದ್ರಾ?”

“ಕಿತ್ತಳೆ ಅಂಗಿ ಮರದ ಕಡೆ ಹೋಯ್ತು. ಮಾರ್ಲಿಸ್ ಗುಂಪಿಂದು, ಮಾರ್ಲಿಸ್ ನೋಡ್ಕೋತಾಳೆ ಅನ್ಕೊಂಡು ತೋಟಾ ಕಡೆ ತಿರುಗಿದೆ. ನೀನು ಇದೀಯಾ ಇಲ್ವಾ ಅಂತ ಕತ್ತು ತಿರುಗಿಸಿ ನೋಡಲಿಲ್ಲ. ಬಂದೂಕಾಗಿದ್ರೆ ಬೆರಳು ಹಾಕಿ ಮುಟ್ತಿದ್ದೆ. ಮಗುವಾಗಿದ್ದಕ್ಕೆ ಮುಟ್ಟಿ ನೋಡ್ದೇನೇ ನಂಬಿದೆ.” ಲೋಟದಲ್ಲಿ ತಣ್ಣಗಾಗಿದ್ದ ಕಾಫಿಯನ್ನು ಹುಲ್ಲಿಗೆ ಚೆಲ್ಲಿದ. “ಅದಕ್ಕೇ ನೀನು ಹೇಳಿದೆ ಅಂದಾಗ ನಾನು ಜಗಳ ಆಡಲಿಲ್ಲ. ನನ್ನ ತಪ್ಪಂತೂ ಇತ್ತು, ಮರೆವಿಂದ ಬಂತೋ ಇಲ್ವೋ ಅಂತ ಮಾತ್ರ ಗೊತ್ತಿರಲಿಲ್ಲ.”

ಹಾಗಾದರೆ ಇಬ್ಬರದೂ ಅಂತ ಮಾರ್ಲಿಸ್‌ಗೆ ಒಂದು ಗಳಿಗೆ ಹಗುರಾಯಿತು. ಹಗುರಾದದ್ದಕ್ಕೇ ನಾಚಿಕೆಯಾಯಿತು. ಅವನು ತನ್ನ ಪಾಲನ್ನು ತಾನು ಹೊತ್ತಿದ್ದ, ಅವಳದನ್ನೂ ಸೇರಿಸಿ ಹೊತ್ತಿದ್ದ.

“ನಂಗೆ ಹೇಳಿದ್ದು ಸಾಲ್ದು,” ಅಂದ. “ಡಾನೀಲ್‌ಗೆ ಹೇಳು. ಗ್ರೆಚೆನ್‌ಗೆ ಹೇಳು. ಗಾರ್ತ್‌ಗೆ ಹೇಳು. ಮರದ ಹತ್ರ ನೋಡಿದ್ದನ್ನ ನಾನು ಹೇಳ್ತೀನಿ.” ಡಬ್ಬಿಯನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡ. “ಇದು ನನ್ನ ಹತ್ರಾನೇ ಇರ್ಲಿ.”

ಮಾರ್ಲಿಸ್ ಹೋಗಿ ಹೇಳಿದ್ದನ್ನು ಕೇಳಿ ಗ್ರೆಚೆನ್ ಬಾಗಿಲು ಹಾಕಿಕೊಂಡಳು. ಗಾರ್ತ್ ಹೊರಗೆಲ್ಲೋ ನೋಡುತ್ತಾ, ಗ್ರೇವಿ ಕೇಳಿದ್ದು ನಾನೇ ಅಲ್ವಾ ಅಂದ, ಆಮೇಲೆ ಅವಳ ಬಿಲ್ಲೆ ವಾಪಸು ಕೊಡು ಅಂತ ಕೈ ಚಾಚಿದ. ಡಾನೀಲ್ ಮಾತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದಳು.

“ದಿನಾ ನನ್ನ ಮಗೂನ ಹತ್ತಿಸ್ಕೊಂಡ್ರಿ,” ಅಂದಳು. “ದಿನಾ ನಾನು ನಿಮಗೆ ಥ್ಯಾಂಕ್ಸ್ ಹೇಳ್ದೆ.”

“ಹೌದು.”

“ಆ ಮುದುಕರ ಎದುರು ಹೋದ್ರೆ ಮುಖ ತಿರುಗಿಸ್ತಿದ್ದೆ. ಅಂಗಡೀಲಿ ಅವರು ಹ್ಯಾಟಿಗೆ ಚಾಕೊಲೇಟ್ ಕೊಡೋಕೆ ಬಂದ್ರೆ ಬೇಡ ಅಂದೆ.” ಅವಳ ದನಿ ಏರಲಿಲ್ಲ, ಏರಿದ್ದರೆ ಚೆನ್ನಾಗಿತ್ತು. “ಅವಳು ಬಯಲಿನ ಪಾಠ ಮುಗಿಸ್ಬೇಕಂತೆ. ಈ ವರ್ಷ ಬೇಟೆಗೆ ಹೋಗೋಕಾಗಲ್ಲ, ಆದ್ರೂ ಪಾಠ ಮುಗಿಸ್ತೀನಿ ಅಂತ ಕೂತಿದಾಳೆ. ಮಿಸ್ಟರ್ ಲಾಹ್ಟಿ ಹೇಳಿಕೊಡ್ಲಿ. ಅವರು ನೋಡಿದ್ದನ್ನ ಬೆಳಿಗ್ಗೆ ಬಂದು ಹೇಳಿ ಹೋದ್ರು. ನೀವು ಅವಳ ಹತ್ರ ಬರಬೇಡಿ.”

“ಬಸ್ಸು?”

“ನಾನೇ ಬಿಟ್ಟು ಬರ್ತೀನಿ.”

ಬೇಟೆ ಶುರುವಾಗುವ ಹಿಂದಿನ ಶನಿವಾರ ಕ್ಲಬ್ಬಿನಲ್ಲಿ ಮತ್ತೊಮ್ಮೆ ಬಯಲಿನ ದಿನ ಇಟ್ಟರು, ಹ್ಯಾಟಿಗೆ ಮತ್ತು ಜ್ವರ ಬಂದು ತಪ್ಪಿಸಿಕೊಂಡಿದ್ದ ಮೂರು ಮಕ್ಕಳಿಗೆ. ಮಾರ್ಲಿಸ್‌ಗೆ ಗೇಟಿನ ಕೆಲಸ. ಕಾರು ಎಲ್ಲಿ ನಿಲ್ಲಿಸಬೇಕು ಅಂತ ಕೈ ತೋರಿಸುವುದು. ತಲೆಯ ಮೇಲೆ ಕಿತ್ತಳೆ ಟೋಪಿ ಇರಲಿಲ್ಲ, ಹಳೆಯ ಉಣ್ಣೆ ಟೋಪಿ. ಪ್ಯಾಸ್ಟಿ ತಂದಿರಲಿಲ್ಲ, ಯಾರೂ ಕೇಳಿರಲೂ ಇಲ್ಲ.

ಡಾನೀಲ್‌ಳ ಕಾರು ಗೇಟಿನಲ್ಲಿ ನಿಂತಿತು. ಅವಳಿಗೆ ಕೆಲಸಕ್ಕೆ ಹೊತ್ತಾಗಿತ್ತು. ಹ್ಯಾಟಿ ಒಂದೇ ಕೈಯಲ್ಲಿ ಬಾಗಿಲು ತೆರೆದು ಇಳಿದಳು. ಡಾನೀಲ್ ಗಾಜು ಇಳಿಸಿ ಮಾರ್ಲಿಸ್‌ಳ ತಲೆಯ ಮೇಲಿಂದ ಆರ್ವಿಡ್‌ನನ್ನು ಹುಡುಕಿದಳು. ಅವನು ದೂರದ ಮೇಜಿನಲ್ಲಿ ಡಬ್ಬಿ ತೆರೆಯುತ್ತಿದ್ದ. ಗೇಟಿಗೂ ಮೇಜಿಗೂ ನಡುವೆ ಬರೀ ಹುಲ್ಲು.

ಮಾರ್ಲಿಸ್ ಅವನ ಕಡೆ ನೋಡಿದಳು. ಅವನು ತಲೆ ಎತ್ತಿದ. ಅವಳ ಗಲ್ಲ ತಾನಾಗಿಯೇ ಮೇಲೆದ್ದಿತು.

ಅವನ ಗಲ್ಲ ಏಳಲಿಲ್ಲ. ಡಬ್ಬಿಯ ಮುಚ್ಚಳ ಹಾಕಿ, ಅಷ್ಟೂ ಹುಲ್ಲನ್ನು ದಾಟಿ ನಿಧಾನಕ್ಕೆ ನಡೆದು ಬಂದು ಗೇಟಿನ ಹತ್ತಿರ ನಿಂತ.

“ಬಾಯಿಬಿಟ್ಟು ಹೇಳು, ಹುಡುಗಿ.”

ಡಾನೀಲ್ ನೋಡುತ್ತಿದ್ದಳು. ಹ್ಯಾಟಿ ಇಬ್ಬರ ಮುಖವನ್ನೂ ನೋಡುತ್ತಿದ್ದಳು. ಮಾರ್ಲಿಸ್ ಹೇಳಿದಳು, ಕಾರಿನವರೆಗೆ ಕೇಳುವ ಹಾಗೆ. “ಹ್ಯಾಟಿ ಬಂದಿದಾಳೆ. ಒಬ್ಬಳೇ. ನಿಮ್ಮ ಕೈಗೆ ಕೊಡ್ತಿದೀನಿ.”

ಆರ್ವಿಡ್ ಬಗ್ಗಿ ಹುಡುಗಿಯನ್ನು ನೋಡಿದ. ಬೂಟಿನ ದಾರ ಕಟ್ಟಿದೆಯಾ ನೋಡಿದ, ಪಟ್ಟಿ ಹಾಕಿದ ಕೈ ನೋಡಿದ, ಕನ್ನಡಕದ ಜಿಂಕೆಯನ್ನೂ ನೋಡಿದ. ಕಿರುಬೆರಳಿನಿಂದ ಅವಳ ಭುಜವನ್ನು ಒಮ್ಮೆ ಮುಟ್ಟಿದ. ಹ್ಯಾಟಿಗೆ ನಗು ಬಂತು.

“ಸಿಕ್ಲು,” ಅಂದ.

ಇಬ್ಬರೂ ಮೇಜಿನ ಕಡೆ ಹೊರಟರು. ಡಾನೀಲ್ ಗಾಜು ಏರಿಸಿದಳು, ಆದರೆ ಕಾರು ತಕ್ಷಣ ಹೊರಡಲಿಲ್ಲ. ಮಾರ್ಲಿಸ್ ಗೇಟಿನ ಕಂಬ ಹಿಡಿದುಕೊಂಡು ನಿಂತಳು. ಮರಕ್ಕೆ ಒರಗಿಸಿದ್ದ ಏಣಿಯನ್ನು ಈಗ ಕೆಳಗಿಳಿಸಿ ಹುಲ್ಲಿನ ಮೇಲೆ ಮಲಗಿಸಿದ್ದರು. ಅವಳು ಮಧ್ಯಾಹ್ನದವರೆಗೂ ಆ ಏಣಿಯಿಂದ ಕಣ್ಣು ತೆಗೆಯಲಿಲ್ಲ, ಯಾರೂ ಅವಳಿಗೆ ನೋಡಿಕೋ ಅಂತ ಹೇಳಿರದಿದ್ದರೂ.